ಎನ್‌ಡಿಎ ಕನಸು: ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು

ಪ್ರಶ್ನೆ: ನನ್ನ ಮಗನಿಗೆ ಹದಿನಾರು ದಾಟಿದೆ. ಹಾವೇರಿ ಜಿಲ್ಲೆಯ ನಮ್ಮ ಊರಿನ ಕಾಲೇಜಿನಲ್ಲೇ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಸೇರಿ ಸೇನೆಯಲ್ಲಿ ಅಧಿಕಾರಿ ಆಗಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದಾನೆ. ನಮ್ಮದು ಸಣ್ಣ ಹಾರ್ಡ್‌ವೇರ್ ಅಂಗಡಿ, ಮನೆತನದಲ್ಲಿ ಯಾರೂ ಸೈನ್ಯದಲ್ಲಿಲ್ಲ. ಒಂದು ಕೋಚಿಂಗ್ ಸಂಸ್ಥೆಯವರು ಎರಡು ವರ್ಷಕ್ಕೆ ಮೂರೂವರೆ ಲಕ್ಷ ಕೇಳುತ್ತಿದ್ದಾರೆ. ಈಗಿನ ಕಾಲೇಜು ಬಿಡಿಸಿ ತಮ್ಮ ಹಾಸ್ಟೆಲ್‌ಗೆ ಕಳಿಸಿ, ಪಿಯುಸಿ ಹಾಜರಾತಿಯನ್ನು ತಾವೇ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಅವನಿಗೆ ಕನ್ನಡಕ ಇದೆ, ಇಂಗ್ಲಿಷ್ ಮಾತನಾಡುವಾಗ ತಡವರಿಸುತ್ತಾನೆ. ನಮ್ಮಂಥವರ ಮಕ್ಕಳನ್ನು ತೆಗೆದುಕೊಳ್ಳುತ್ತಾರೆಯೇ? ಸಿಗದೇ ಹೋದರೆ ಎರಡೂ ಕಡೆ ಕೆಟ್ಟಂತಾಗುವುದಿಲ್ಲವೇ? ಒಂಬತ್ತನೆಯ ತರಗತಿಯ ಮಗಳೂ "ನಾನೂ ಬರೀತೀನಿ" ಎನ್ನುತ್ತಿದ್ದಾಳೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳಿವೆ. ಅಂಗಡಿ ಇಟ್ಟುಕೊಂಡವರ ಮಗನಿಗೆ ಇದು ದಕ್ಕುತ್ತದೆಯೇ ಎಂಬುದು ಒಂದು. ದಕ್ಕದಿದ್ದರೆ ಅವನ ಪಿಯುಸಿಯೂ ನಿಮ್ಮ ಉಳಿತಾಯವೂ ಒಟ್ಟಿಗೆ ಹೋಗುತ್ತವೆಯೇ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ನೀವು ಅಷ್ಟು ಹೆದರಬೇಕಾಗಿಲ್ಲ. ಎರಡನೆಯದು ಮಾತ್ರ ಈ ಒಂದೆರಡು ತಿಂಗಳಲ್ಲಿ ನೀವು ತೆಗೆದುಕೊಳ್ಳುವ ತೀರ್ಮಾನದ ಮೇಲೆ ನಿಂತಿದೆ. ಸೇನೆಯಿಂದ ನಿವೃತ್ತನಾದ ಮೇಲೆ ಈ ಪರೀಕ್ಷೆಗೆ ಕೂರುವ ಮಕ್ಕಳ ಜೊತೆಗೇ ಕೆಲಸ ಮಾಡುತ್ತಿರುವ ನನಗೆ, ಆಯ್ಕೆಯಾಗದೆ ವಾಪಸಾದ ಹುಡುಗರಿಗಿಂತ ಹೆಚ್ಚು ಸಂಕಟ ತಂದವರು, ಆಯ್ಕೆಯೂ ಆಗದೆ ದ್ವಿತೀಯ ಪಿಯುಸಿಯ ಗಣಿತವನ್ನೂ ಸರಿಯಾಗಿ ಓದದೆ ಉಳಿದ ಹುಡುಗರು.

ಮೊದಲು, ಸಿಗುವುದೇನು ಎಂಬುದು ಸ್ಪಷ್ಟವಿರಲಿ. ಆಯ್ಕೆಯಾದವರು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಓದುತ್ತಾರೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ ಅಲ್ಲಿಂದಲೇ ಸಿಗುತ್ತದೆ. ಬಳಿಕ ಭೂಸೇನೆಯವರು ಡೆಹರಾಡೂನ್‌ಗೆ, ನೌಕಾಪಡೆಯವರು ಕೇರಳದ ಎಳಿಮಲಕ್ಕೆ, ವಾಯುಪಡೆಯವರು ಹೈದರಾಬಾದ್ ಬಳಿಯ ದುಂಡಿಗಲ್‌ಗೆ ಮುಂದಿನ ತರಬೇತಿಗೆ ಹೋಗುತ್ತಾರೆ. ಓದು, ವಸತಿ, ಊಟ, ಸಮವಸ್ತ್ರ, ಚಿಕಿತ್ಸೆ ಎಲ್ಲವೂ ಸರ್ಕಾರದ ಖರ್ಚಿನಲ್ಲಿ ನಡೆಯುತ್ತವೆ. ಸೇರುವಾಗ ಕಟ್ಟುವ ಒಂದಿಷ್ಟು ಠೇವಣಿ ಮತ್ತು ತಿಂಗಳ ಕೈಖರ್ಚು ಮಾತ್ರ ಪೋಷಕರದ್ದು. ಆದಾಯ ತೀರಾ ಕಡಿಮೆಯಿದ್ದರೆ ಅದಕ್ಕೂ ನೆರವು ಕೇಳಬಹುದು. ಖಡಕ್‌ವಾಸ್ಲಾದ ಮೂರು ವರ್ಷ ಸಂಬಳವೇನೂ ಇಲ್ಲ, ಡೆಹರಾಡೂನ್‌ನಂಥ ಕೊನೆಯ ಹಂತದಲ್ಲಿ ತಿಂಗಳಿಗೆ 56,100 ರೂಪಾಯಿ ಭತ್ಯೆ ಬರುತ್ತದೆ. ಇದಕ್ಕೆ ಪ್ರತಿಯಾಗಿ ನೀವು ಒಂದು ಬಾಂಡ್‌ಗೆ ಸಹಿ ಹಾಕುತ್ತೀರಿ. ಮಗ ತಾನಾಗಿಯೇ ಮಧ್ಯದಲ್ಲಿ ಬಿಟ್ಟು ಬಂದರೆ ಅಥವಾ ಕೊನೆಯಲ್ಲಿ ಕಮಿಷನ್ (ಅಧಿಕಾರಿ ಹುದ್ದೆ) ಬೇಡವೆಂದರೆ, ಅಲ್ಲಿಯವರೆಗಿನ ತರಬೇತಿ ವೆಚ್ಚವನ್ನು ಹಿಂದಿರುಗಿಸಬೇಕಾಗುತ್ತದೆ. ಹಾಗಾಗಿ ಆಸೆ ಮಗನದೇ ಎಂಬುದು ಖಚಿತವಿರಬೇಕು. ಎರಡು ವರ್ಷದಿಂದ ಅವನೇ ಹೇಳುತ್ತಿದ್ದಾನೆ ಎಂದು ನೀವು ಬರೆದದ್ದು ನನಗೆ ಸಮಾಧಾನ ತಂದಿತು. ಅಂದಹಾಗೆ, 2022ರಲ್ಲಿ ಶುರುವಾದ ನಾಲ್ಕು ವರ್ಷದ ಅಗ್ನಿವೀರ್ ನೇಮಕಾತಿಗೂ ಇದಕ್ಕೂ ಸಂಬಂಧವಿಲ್ಲ. ಅದು ಸೈನಿಕರ ನೇಮಕಾತಿ, ಅದರ ಪರೀಕ್ಷೆಯೇ ಬೇರೆ.

ಸೈನ್ಯದ ಹಿನ್ನೆಲೆಯ ಮಾತಿಗೆ ಬರೋಣ. ಲಿಖಿತ ಪರೀಕ್ಷೆಯನ್ನು ನಡೆಸುವುದು ಕೇಂದ್ರ ಲೋಕಸೇವಾ ಆಯೋಗ, ಅಂದರೆ ಯುಪಿಎಸ್‌ಸಿ. ಅಲ್ಲಿ ಅಪ್ಪನ ವೃತ್ತಿಗೆ ಅಂಕವಿಲ್ಲ. ಅದರಲ್ಲಿ ಪಾಸಾದವರಿಗೆ ಸೇನೆಯ ಆಯ್ಕೆ ಮಂಡಳಿ, ಅಂದರೆ ಎಸ್‌ಎಸ್‌ಬಿ, ನಡೆಸುವ ಸಂದರ್ಶನದಲ್ಲಿ ಅಪ್ಪ ಏನು ಮಾಡುತ್ತಾರೆಂದು ಕೇಳುತ್ತಾರೆ, ನಿಜ. ಆದರೆ ಆ ಮನೆಯಲ್ಲಿ ಹುಡುಗ ಏನು ಕಲಿತ, ಯಾವ ಹೊಣೆ ಹೊತ್ತ ಎಂದು ತಿಳಿಯುವುದಕ್ಕೆ ಆ ಪ್ರಶ್ನೆ. ಸೇನಾ ಕುಟುಂಬದ ಮಕ್ಕಳಿಗೆ ಇರುವ ಒಂದೇ ಅನುಕೂಲ, ಈ ದಾರಿಯ ಮಾಹಿತಿ ಅವರಿಗೆ ಬೇಗ ಸಿಗುತ್ತದೆ. ಕೊಡಗಿನ ಹುಡುಗನಿಗೆ ಹತ್ತನೆಯ ವಯಸ್ಸಿಗೆ ಗೊತ್ತಿರುವುದು ಹಾವೇರಿಯ ಹುಡುಗನಿಗೆ ಹದಿನೇಳಕ್ಕೆ ಗೊತ್ತಾಗುತ್ತದೆ. ನಿಮ್ಮ ಮಗನಿಗೆ ಹದಿನಾರಕ್ಕೇ ಗೊತ್ತಾಗಿದೆ, ಸಾಕು.

ಕನ್ನಡಕದ ವಿಷಯ ಹಾಗಲ್ಲ. ಯಾವ ಸಂಸ್ಥೆಗೂ ಒಂದು ರೂಪಾಯಿ ಕೊಡುವ ಮೊದಲು ಮಗನನ್ನು ನೇತ್ರತಜ್ಞರ ಹತ್ತಿರ ಕರೆದೊಯ್ಯಿರಿ. ಯುಪಿಎಸ್‌ಸಿ ಅಧಿಸೂಚನೆಯ ಅನುಬಂಧದಲ್ಲಿ ಮೂರೂ ಪಡೆಗಳ ದೃಷ್ಟಿ ಮಾನದಂಡಗಳನ್ನು ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ಆ ಪುಟಗಳನ್ನು ಮುದ್ರಿಸಿ ಕೈಯಲ್ಲಿ ಹಿಡಿದು ಹೋಗಿ. ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಇದ್ದರೆ ವಾಯುಪಡೆಯ ವಿಮಾನ ಹಾರಿಸುವ ಶಾಖೆ ಸಾಧ್ಯವಿಲ್ಲ. ಭೂಸೇನೆಯಲ್ಲಿ ಒಂದು ಮಿತಿಯವರೆಗೆ ಕನ್ನಡಕಕ್ಕೆ ಅವಕಾಶವಿದೆ, ನೌಕಾಪಡೆಯ ಮಿತಿ ಅದಕ್ಕಿಂತ ಬಿಗಿ. ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿ. ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದ ಎಷ್ಟೋ ಹುಡುಗರಿಗೆ ಅದು ಗೊತ್ತೇ ಇರುವುದಿಲ್ಲ. ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ ಎರಡನ್ನೂ ದಾಟಿ ಕೊನೆಯ ವೈದ್ಯಕೀಯ ಮಂಡಳಿಯ ಮುಂದೆ ಅದು ಬಯಲಾಗುವುದು ಬಹಳ ಕ್ರೂರ. "ಲಾಸಿಕ್ ಮಾಡಿಸಿಬಿಟ್ಟರೆ ಆಯಿತು" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಈ ವಯಸ್ಸಿನಲ್ಲಿ ಮಾಡಿಸಿದ ಕಣ್ಣಿನ ಆ ಲೇಸರ್ ಶಸ್ತ್ರಚಿಕಿತ್ಸೆಯನ್ನು ಎನ್‌ಡಿಎ ಒಪ್ಪುವುದಿಲ್ಲ, ಇರುವ ಬಾಗಿಲೂ ಮುಚ್ಚಿಹೋಗುತ್ತದೆ. ಹೆಚ್ಚಿನ ತೂಕ, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯಂಥ ಕೆಲವು ಕಾರಣಗಳಿಗೆ ಕೊಡುವ 'ತಾತ್ಕಾಲಿಕ ಅನರ್ಹತೆ'ಯನ್ನು ಸರಿಪಡಿಸಿಕೊಂಡು ಮೇಲ್ಮನವಿ ಮಂಡಳಿಯ ಮುಂದೆ ಹೋಗಬಹುದು. ಎತ್ತರದ ಬಗ್ಗೆಯೂ ಊರಲ್ಲಿ ಉತ್ಪ್ರೇಕ್ಷೆಯ ಮಾತುಗಳಿವೆ. ಹುಡುಗರಿಗೆ ಸಾಮಾನ್ಯ ಕನಿಷ್ಠ ಮಿತಿ 157 ಸೆಂಟಿಮೀಟರ್ ಮಾತ್ರ.

ಇಂಗ್ಲಿಷ್ ನಿಜವಾದ ಸವಾಲು, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600, ಅದರೊಳಗೆ ಇಂಗ್ಲಿಷ್‌ಗೇ 200. ಎರಡೂ ಪತ್ರಿಕೆಗಳಿಗೆ ತಲಾ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಳೆಯುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಎಡವುವುದು ವ್ಯಾಕರಣದಲ್ಲಿ ಕಡಿಮೆ, ಓದುವ ವೇಗದಲ್ಲಿ ಹೆಚ್ಚು. ಅವನಿಗೆ ಲೆಕ್ಕ ಗೊತ್ತಿರುತ್ತದೆ, ಆದರೆ ಪ್ರಶ್ನೆಯನ್ನು ಎರಡು ಸಲ ಓದಿ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಪಕ್ಕದವನು ಮೂರು ಪ್ರಶ್ನೆ ಮುಗಿಸಿರುತ್ತಾನೆ. ಇದಕ್ಕೆ ದಿನಾ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟವನ್ನು ಗಟ್ಟಿಯಾಗಿ ಓದುವುದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಗಟ್ಟಿಯಾಗಿ ಓದಿದರೆ ನಾಲಿಗೆಯೂ ಪಳಗುತ್ತದೆ. ಓದಿದ್ದನ್ನು ಐದು ಸಾಲುಗಳಲ್ಲಿ ತನ್ನದೇ ಇಂಗ್ಲಿಷ್‌ನಲ್ಲಿ ಬರೆಯಲಿ, ತಪ್ಪಿದ್ದರೂ ಚಿಂತೆಯಿಲ್ಲ. ಒಂದು ವರ್ಷ ತಪ್ಪದೆ ಮಾಡಿದವನ ವೇಗ ಬದಲಾಗಿದ್ದನ್ನು ಹಲವು ಹುಡುಗರಲ್ಲಿ ಕಂಡಿದ್ದೇನೆ.

ಇತ್ತೀಚಿನ ವರ್ಷಗಳಲ್ಲಿ ಲಿಖಿತ ಪರೀಕ್ಷೆಯ ಕಟ್-ಆಫ್ 900ಕ್ಕೆ 300ರ ಆಸುಪಾಸಿನಲ್ಲಿದೆ, ಎಸ್‌ಎಸ್‌ಬಿ ಅಂಕವೂ ಸೇರಿದ ಅಂತಿಮ ಆಯ್ಕೆಯದು 1800ಕ್ಕೆ ಸುಮಾರು 650ರ ಮೇಲೆ. ಈ ಸಂಖ್ಯೆ ನೋಡಿ ಸುಲಭವೆಂದು ತಿಳಿಯಬೇಡಿ. ಲಕ್ಷಗಟ್ಟಲೆ ಅರ್ಜಿಗಳಿಂದ ಕೆಲವೇ ಸಾವಿರ ಮಂದಿ ಆ ಗೆರೆ ದಾಟುತ್ತಾರೆ, ಸೀಟುಗಳು ಒಂದು ಸಲದ ಪರೀಕ್ಷೆಗೆ ಸುಮಾರು 400. ಆದರೆ ಇದರಲ್ಲಿ ನಿಮಗೆ ಅನುಕೂಲವಾದ ಒಂದು ಸಂಗತಿಯಿದೆ: ಎನ್‌ಡಿಎ ಗಣಿತದ ಪಠ್ಯ, ಅಂದರೆ ತ್ರಿಕೋನಮಿತಿ, ಮ್ಯಾಟ್ರಿಕ್ಸ್, ಕಲನಶಾಸ್ತ್ರ, ಸದಿಶಗಳು, ಸಂಭಾವ್ಯತೆ, ಬಹುಪಾಲು ಪಿಯುಸಿಯ ಎರಡು ವರ್ಷದ ಪಠ್ಯವೇ. ಭೌತ ಮತ್ತು ರಸಾಯನದ ಪ್ರಶ್ನೆಗಳು ಅದಕ್ಕಿಂತ ಹಗುರ. ಕಾಲೇಜಿನ ಓದನ್ನು ಶ್ರದ್ಧೆಯಿಂದ ಮಾಡಿದವನು ಅರ್ಧ ದಾರಿ ಆಗಲೇ ಕ್ರಮಿಸಿರುತ್ತಾನೆ. ಆ ಸಂಸ್ಥೆಯವರ ಪ್ರಸ್ತಾಪ ನನಗೆ ಅಪಾಯಕಾರಿಯಾಗಿ ಕಂಡದ್ದು ಇದಕ್ಕಾಗಿಯೇ. ಅವರು ಕೇಳುವ ಮೂರೂವರೆ ಲಕ್ಷಕ್ಕಿಂತ 'ಹಾಜರಾತಿ ನಾವು ನೋಡಿಕೊಳ್ಳುತ್ತೇವೆ' ಎಂಬ ಮಾತು ದುಬಾರಿ. ಪಿಯುಸಿಗೆ ಶೇಕಡಾ 75 ಹಾಜರಾತಿ ಕಡ್ಡಾಯ. ಪ್ರಯೋಗಾಲಯ ಕಾಣದೆ, ಉಪನ್ಯಾಸಕರ ಮುಖ ನೋಡದೆ, ಹೆಸರಿಗೆ ಮಾತ್ರ ಎಲ್ಲೋ ದಾಖಲಾಗಿ ಓದಿದ ಹುಡುಗನಿಗೆ ಎನ್‌ಡಿಎ ಸಿಗದಿದ್ದರೆ ಹಿಂದಿರುಗಲು ಜಾಗವೇ ಇರುವುದಿಲ್ಲ. ಅಧಿಕಾರಿಯಾಗಲು ಹೊರಟವನ ಮೊದಲ ಹೆಜ್ಜೆಯೇ ಸುಳ್ಳು ಹಾಜರಾತಿಯಾಗುವುದೂ ನನಗೆ ಒಪ್ಪಿಗೆಯಿಲ್ಲದ ವಿಷಯ.

ಇನ್ನು ಎಸ್‌ಎಸ್‌ಬಿ. ಬೆಂಗಳೂರು, ಭೋಪಾಲ್, ಪ್ರಯಾಗರಾಜ್, ಜಲಂಧರ್ ಮೊದಲಾದ ಕಡೆ ನಡೆಯುವ ಐದು ದಿನಗಳ ಆಯ್ಕೆ ಇದು. ವಾಯುಪಡೆಯ ಒಂದು ಮಂಡಳಿ ಮೈಸೂರಿನಲ್ಲೂ ಇದೆ. ಲಿಖಿತ ಪರೀಕ್ಷೆಗೆ 900 ಅಂಕವಾದರೆ ಇದಕ್ಕೂ 900. ಮೊದಲ ದಿನವೇ ಒಂದು ಮಸುಕು ಚಿತ್ರವನ್ನು ಅರ್ಧ ನಿಮಿಷ ತೋರಿಸಿ, ಅದರ ಮೇಲೆ ಕತೆ ಬರೆಸಿ, ಆ ಕತೆಯನ್ನು ಗುಂಪಿನ ಮುಂದೆ ಹೇಳಿಸಿ ಚರ್ಚೆ ಮಾಡಿಸುತ್ತಾರೆ. ಮಧ್ಯಾಹ್ನ ಚೆಸ್ಟ್ ನಂಬರ್ ಕೂಗಿದಾಗ ಬಹುಪಾಲು ಹುಡುಗರು 'ಸ್ಕ್ರೀನ್ಡ್ ಔಟ್' ಆಗಿ ಅಂದೇ ಊರಿನ ರೈಲು ಹತ್ತುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆಗಳು, ಮೈದಾನದಲ್ಲಿ ಗುಂಪು ಕಾರ್ಯಗಳು, ವೈಯಕ್ತಿಕ ಸಂದರ್ಶನ, ಕೊನೆಗೆ ಎಲ್ಲ ಅಧಿಕಾರಿಗಳೂ ಒಟ್ಟಾಗಿ ಕೂರುವ ಕಾನ್ಫರೆನ್ಸ್.

ಪದಗಳ ಪರೀಕ್ಷೆಯೊಂದನ್ನು ಹತ್ತಿರದಿಂದ ನೋಡಿ. ಪರದೆಯ ಮೇಲೆ ಒಂದೊಂದಾಗಿ 60 ಪದಗಳು ಬರುತ್ತವೆ, ಪ್ರತಿಯೊಂದಕ್ಕೂ 15 ಸೆಕೆಂಡ್. ಅಷ್ಟರಲ್ಲಿ ಆ ಪದ ನೋಡಿ ಮನಸ್ಸಿಗೆ ಬಂದದ್ದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. 'ಸೋಲು' ಎಂಬ ಪದ ಬಂದರೆ, ಬಾಯಿಪಾಠ ಮಾಡಿದವನು ಸೋಲೇ ಗೆಲುವಿನ ಮೆಟ್ಟಿಲು ಎಂದು ಬರೆಯುತ್ತಾನೆ. ಅದೇ ಸಾಲನ್ನು ಆ ಕೋಣೆಯಲ್ಲಿ ಇನ್ನೂ ಹತ್ತು ಮಂದಿ ಬರೆದಿರುತ್ತಾರೆ. ಕಬಡ್ಡಿ ತಂಡ ಕಟ್ಟಿ ತಾಲ್ಲೂಕು ಮಟ್ಟದಲ್ಲಿ ಸೋತು ಮರುವರ್ಷ ಮತ್ತೆ ಹೋದವನು ಬೇರೆ ಏನನ್ನೋ ಬರೆಯುತ್ತಾನೆ. ಅದರ ಬೆನ್ನಿಗೇ ಅರ್ಧ ಗಂಟೆಯಲ್ಲಿ 60 ಸನ್ನಿವೇಶಗಳಿಗೆ ಉತ್ತರಿಸಬೇಕು: ರಾತ್ರಿ ಬಸ್ಸು ಕೆಟ್ಟು ನಿಂತಿದೆ, ಜೇಬಿನಲ್ಲಿ ಹಣವಿಲ್ಲ, ಬೆಳಿಗ್ಗೆ ಪರೀಕ್ಷೆ, ಏನು ಮಾಡುತ್ತಾನೆ ಎಂಬ ಧಾಟಿಯವು. ಜೀವನದಲ್ಲಿ ಒಮ್ಮೆಯೂ ಒಬ್ಬನೇ ಬಸ್ಸು ಹತ್ತಿ ಬೇರೆ ಊರಿಗೆ ಹೋಗದ ಹುಡುಗ ಇದಕ್ಕೆ ಏನು ಬರೆಯುತ್ತಾನೆ? ಕಲಿಸಿಕೊಟ್ಟದ್ದನ್ನು ಬರೆಯುತ್ತಾನೆ. ಮನೋವಿಜ್ಞಾನಿಯ ಕೈಗೆ ಹೋದ ಆ ಉತ್ತರ, ಮೈದಾನದಲ್ಲಿ ಅವನು ನಡೆದುಕೊಂಡ ರೀತಿ, ಸಂದರ್ಶನದಲ್ಲಿ ಆಡಿದ ಮಾತು, ಈ ಮೂರೂ ಒಂದಕ್ಕೊಂದು ಹೊಂದದಿದ್ದರೆ ಆಯ್ಕೆ ಕಷ್ಟ. ಈ ವ್ಯವಸ್ಥೆಯನ್ನು ಕಟ್ಟಿರುವುದೇ ಆ ಹೊಂದಾಣಿಕೆಯನ್ನು ನೋಡಲು.

ಎಸ್‌ಎಸ್‌ಬಿಯ ಸಿದ್ಧತೆಯ ಮುಖ್ಯ ಭಾಗ ನಿಮ್ಮ ಮನೆಯಲ್ಲೇ ನಡೆಯಬೇಕು ಎಂದು ನಾನು ಪ್ರತಿಯೊಬ್ಬ ತಂದೆತಾಯಿಗೂ ಹೇಳುವುದು ಈ ಕಾರಣಕ್ಕೆ. ಓದುವ ಹುಡುಗ ಎಂದು ಎಲ್ಲ ಕೆಲಸದಿಂದ ದೂರವಿಟ್ಟು ಬೆಳೆಸಿದ ಮಗುವಿಗೆ ಅಲ್ಲಿ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಅಂಗಡಿಯ ಒಂದು ವಿಭಾಗದ ಲೆಕ್ಕವನ್ನು ಭಾನುವಾರ ಅವನಿಗೇ ಬಿಡಿ. ಸಿಮೆಂಟ್ ಲೋಡು ತಡವಾದಾಗ ಗಿರಾಕಿಗೆ ಸಮಾಧಾನ ಹೇಳುವ ಕೆಲಸ ಅವನದಾಗಲಿ. ಅಜ್ಜಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರಲಿ, ಟಿಕೆಟ್‌ನಿಂದ ಹಿಡಿದು ಔಷಧಿಯವರೆಗೆ ಅವನೇ ನೋಡಿಕೊಳ್ಳಲಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಲಿ, ಇಲ್ಲದಿದ್ದರೆ ಯಾವುದಾದರೂ ಒಂದು ತಂಡದ ಆಟ ಬಿಡದೆ ಆಡಲಿ. ತಪ್ಪು ಮಾಡಿದಾಗ ನೀವು ಓಡಿಹೋಗಿ ಸರಿಪಡಿಸಬೇಡಿ. ತಾಯಿಗೆ ಇದು ಕಷ್ಟವೆಂದು ಬಲ್ಲೆ, ಆದರೂ ಹೇಳುತ್ತಿದ್ದೇನೆ. ಸಂದರ್ಶನಕ್ಕೆ ಮೊದಲು ಅವನು ತುಂಬುವ ಮಾಹಿತಿ ಪತ್ರದಲ್ಲಿ ಓದು, ಆಟ, ಹವ್ಯಾಸ, ಹೊತ್ತ ಜವಾಬ್ದಾರಿ ಎಲ್ಲವನ್ನೂ ಕೇಳುತ್ತಾರೆ. ಸಂದರ್ಶಿಸುವ ಅಧಿಕಾರಿ ಆ ಪತ್ರ ಹಿಡಿದೇ ಒಂದರ ಹಿಂದೊಂದು ಪ್ರಶ್ನೆ ಹಾಕುತ್ತಾರೆ. ಅಲ್ಲಿ ಬರೆದ ಪ್ರತಿಯೊಂದು ಸಾಲೂ ನಿಜವಾಗಿರಬೇಕು.

ತಡವರಿಸುವ ಇಂಗ್ಲಿಷ್ ಅಲ್ಲಿ ಒಂದಿಷ್ಟು ತೊಂದರೆ ಕೊಡಬಹುದು, ಆದರೆ ಗುಂಪು ಚರ್ಚೆಯಲ್ಲಿ ಸರಳ ವಾಕ್ಯದಲ್ಲಿ ಒಂದು ಹೊಸ ವಿಚಾರ ಹೇಳಿದವನು, ಅಲಂಕಾರದ ಇಂಗ್ಲಿಷ್‌ನಲ್ಲಿ ಹಳೆಯದನ್ನೇ ತಿರುಗಿಸಿ ಹೇಳಿದವನಿಗಿಂತ ಮುಂದೆ ಹೋಗುತ್ತಾನೆ. ಸುಮ್ಮನೆ ಕುಳಿತವನು ಮಾತ್ರ ಖಂಡಿತ ಉಳಿಯುವುದಿಲ್ಲ.

ಹಾಗಾದರೆ ಕೋಚಿಂಗ್ ಬೇಡವೇ? ನಾನು ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬಿಡಿಸುವ ಶಿಸ್ತು ಮನೆಯಲ್ಲಿ ಬಾರದಿದ್ದರೆ ರಜೆಯಲ್ಲಿ ಒಂದೆರಡು ತಿಂಗಳ ತರಗತಿಯೋ ಆನ್‌ಲೈನ್ ಪರೀಕ್ಷಾ ಸರಣಿಯೋ ಸಾಕು. ಅದಕ್ಕೆ ಲಕ್ಷಗಳು ಬೇಡ. ಯುಪಿಎಸ್‌ಸಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉಚಿತವಾಗಿಯೇ ಕೊಡುತ್ತದೆ, ಅರ್ಜಿ ಶುಲ್ಕ 100 ರೂಪಾಯಿ ಮಾತ್ರ. ಲಿಖಿತ ಪರೀಕ್ಷೆ ಪಾಸಾದ ಮೇಲೆ, ಎಸ್‌ಎಸ್‌ಬಿ ಹೇಗಿರುತ್ತದೆಂದು ತಿಳಿಯಲು ಒಂದೆರಡು ವಾರದ ಪರಿಚಯ ಶಿಬಿರಕ್ಕೆ ಹೋದರೆ ಭಯ ಕಡಿಮೆಯಾಗುತ್ತದೆ. ಅಲ್ಲಿ ಸಿದ್ಧ ಕತೆ, ಸಿದ್ಧ ವಾಕ್ಯ ಬಾಯಿಪಾಠ ಮಾಡಿಸತೊಡಗಿದರೆ ಅವನನ್ನು ಕರೆದುಕೊಂಡು ಬನ್ನಿ. 'ಆಯ್ಕೆ ಗ್ಯಾರಂಟಿ', 'ಒಳಗೆ ನಮ್ಮವರಿದ್ದಾರೆ' ಎನ್ನುವವರ ಬಾಗಿಲನ್ನೇ ತುಳಿಯಬೇಡಿ.

ಕಾಲದ ಲೆಕ್ಕ ಹೀಗಿದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ಪ್ರಥಮ ಪಿಯುಸಿಯಲ್ಲಿರುವವನು ಬರೆಯುವಂತಿಲ್ಲ, ದ್ವಿತೀಯ ಪಿಯುಸಿ ಓದುತ್ತಿರುವವನು ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು, ಪ್ರತಿ ಅಧಿಸೂಚನೆಯಲ್ಲೂ ಜನ್ಮದಿನಾಂಕದ ಮಿತಿಯನ್ನು ನಿಖರವಾಗಿ ಕೊಟ್ಟಿರುತ್ತಾರೆ. ಇಷ್ಟೇ ಸಲ ಬರೆಯಬೇಕೆಂಬ ಮಿತಿ ಬೇರೆ ಇಲ್ಲ. ನನ್ನ ಸಲಹೆ: ಮುಂದಿನ ವರ್ಷದ ಸೆಪ್ಟೆಂಬರ್ ಪರೀಕ್ಷೆ ಅವನ ಮೊದಲ ಪ್ರಯತ್ನವಾಗಲಿ. ಅದರ ನಂತರದ ಏಪ್ರಿಲ್ ಪರೀಕ್ಷೆ ದ್ವಿತೀಯ ಪಿಯುಸಿ ಮುಗಿದ ಬೆನ್ನಿಗೇ, ಸಿಇಟಿಯ ಹತ್ತಿರವೇ ಬರುತ್ತದೆ. ಆ ತಿಂಗಳು ಬಿಗಿಯಾಗಿರುತ್ತದೆ, ಆದರೂ ಎರಡನ್ನೂ ಬರೆಯಲಿ, ಗಣಿತವಂತೂ ಒಂದೇ. ಭೂಸೇನೆಗೆ ಪಿಯುಸಿಯ ಯಾವ ವಿಭಾಗವಾದರೂ ಸರಿ. ವಾಯುಪಡೆ ಮತ್ತು ನೌಕಾಪಡೆಗೆ ಭೌತ, ರಸಾಯನ, ಗಣಿತ ಬೇಕು. ಜೆಇಇ ಮೇನ್ ಕೂಡ ಬರೆದಿಟ್ಟುಕೊಂಡರೆ, ಆ ಮೂರು ವಿಷಯಗಳಲ್ಲಿ ಶೇಕಡಾ 60 ಬಂದ ಹುಡುಗರಿಗೆ ಭೂಸೇನೆಯ ಟೆಕ್ನಿಕಲ್ ಎಂಟ್ರಿ ಯೋಜನೆಯ ದಾರಿಯೂ ತೆರೆದಿರುತ್ತದೆ. ಅದರಲ್ಲಿ ಯುಪಿಎಸ್‌ಸಿ ಪರೀಕ್ಷೆಯಿಲ್ಲದೆ ನೇರ ಎಸ್‌ಎಸ್‌ಬಿಗೆ ಕರೆಯುತ್ತಾರೆ, ಸರ್ಕಾರದ ಖರ್ಚಿನಲ್ಲೇ ಎಂಜಿನಿಯರಿಂಗ್ ಪದವಿ. ಇವೆಲ್ಲ ಕೈತಪ್ಪಿದರೂ ಪದವಿಯ ನಂತರ ಯುಪಿಎಸ್‌ಸಿಯದೇ ಸಿಡಿಎಸ್ ಪರೀಕ್ಷೆ, ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ, ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಇದ್ದವರಿಗೆ ವಿಶೇಷ ಪ್ರವೇಶ ಇವೆ. ಹತ್ತೊಂಬತ್ತಕ್ಕೆ ಆಗದ್ದು ಇಪ್ಪತ್ತೆರಡಕ್ಕೆ ಆದ ಅಧಿಕಾರಿಗಳು ನನ್ನ ಜೊತೆಯಲ್ಲೇ ಸೇವೆ ಸಲ್ಲಿಸಿದ್ದಾರೆ. ಪದವಿಯ ಹೊತ್ತಿಗೆ ಅವನಲ್ಲಿ ಗಟ್ಟಿಯಾದ ಓದು ಉಳಿದಿರಬೇಕು, ಅಷ್ಟೇ.

ಒಂದು ಅಪಾಯವನ್ನು ಮುಚ್ಚಿಡಬಾರದು. ತರಬೇತಿಯಲ್ಲಿ ಗಾಯಗಳಾಗುತ್ತವೆ. ಹೆಚ್ಚಿನವು ವಾಸಿಯಾಗುತ್ತವೆ, ಆದರೆ ತೀವ್ರ ಗಾಯದಿಂದ ಅಂಗವೈಕಲ್ಯ ಬಂದು ವೈದ್ಯಕೀಯ ಕಾರಣಕ್ಕೆ ಮನೆಗೆ ಮರಳಿದ ಕೆಡೆಟ್‌ಗಳಿದ್ದಾರೆ. ಕಮಿಷನ್ ಪಡೆಯುವ ಮೊದಲೇ ಹೊರಬಂದ ಅವರಿಗೆ ಮಾಜಿ ಸೈನಿಕರ ಸ್ಥಾನಮಾನ ಸಿಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಈ ವಿಷಯವನ್ನು ಕೈಗೆತ್ತಿಕೊಂಡಿತು, ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯ ಸೌಲಭ್ಯವನ್ನು ಅವರಿಗೂ ವಿಸ್ತರಿಸಲಾಯಿತು. ಇಂಥದ್ದು ಸಂಭವಿಸುವುದು ವಿರಳ. ಆದರೂ ನೀವು ಸಹಿ ಹಾಕುವ ಕಾಗದಗಳಲ್ಲಿ ತರಬೇತಿಯ ಗಾಯಕ್ಕೆ ಪರಿಹಾರ ಕೇಳುವುದಿಲ್ಲ ಎಂಬ ಒಪ್ಪಿಗೆಯೂ ಇರುತ್ತದೆ, ಅದನ್ನು ಮಗನ ಜೊತೆ ಕುಳಿತು ಓದಿಯೇ ಸಹಿ ಹಾಕಿ. ಈಗಿನಿಂದಲೇ ಓಟವನ್ನು ಮೆಲ್ಲಗೆ ಹೆಚ್ಚಿಸುತ್ತಾ 2.4 ಕಿಲೋಮೀಟರ್ ನಿರಾಯಾಸವಾಗಿ ಓಡುವಂತಾಗಲಿ, ದಂಡ, ಬಸ್ಕಿ, ಪುಲ್-ಅಪ್ ರೂಢಿಯಾಗಲಿ. ಸೇರುವ ಮುಂಚಿನ ಎರಡು ತಿಂಗಳಲ್ಲಿ ಅವಸರದಿಂದ ಮೈ ದಂಡಿಸಿದವರ ಮೊಣಕಾಲು, ಮುಂಗಾಲ ಮೂಳೆಗಳೇ ಮೊದಲು ಬಳಲುತ್ತವೆ.

ಮಗಳ ಮಾತು ಖಂಡಿತ ಗಂಭೀರವಾದದ್ದು. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಧ್ಯಂತರ ಆದೇಶದ ನಂತರ ಹುಡುಗಿಯರಿಗೆ ಎನ್‌ಡಿಎ ಪರೀಕ್ಷೆ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದಿಂದ ತೇರ್ಗಡೆಯಾಗಿ ಹೊರಬಂದರು. ಪ್ರಶ್ನೆಪತ್ರಿಕೆ, ಎಸ್‌ಎಸ್‌ಬಿ ಎಲ್ಲವೂ ಹುಡುಗರದ್ದೇ, ಕನಿಷ್ಠ ಎತ್ತರ 152 ಸೆಂಟಿಮೀಟರ್, ಅರ್ಜಿ ಶುಲ್ಕವೂ ಇಲ್ಲ. ಆದರೆ ಅವರಿಗೆ ಮೀಸಲಾದ ಸೀಟುಗಳು ಇನ್ನೂ ಕೆಲವೇ ಇರುವುದರಿಂದ ಪೈಪೋಟಿ ಅಣ್ಣನಿಗಿಂತ ಅವಳಿಗೆ ಕಠಿಣ, ಟೆಕ್ನಿಕಲ್ ಎಂಟ್ರಿ ಯೋಜನೆಯೂ ಹುಡುಗರಿಗೆ ಮಾತ್ರ. ವಿಜಯಪುರ, ಕೂಡಿಗೆಗಳ ಸೈನಿಕ ಶಾಲೆಗಳಿಗೆ ಪ್ರವೇಶ ಆರು ಮತ್ತು ಒಂಬತ್ತನೆಯ ತರಗತಿಗೆ ಆಗುವುದರಿಂದ ಆ ದಾರಿ ಅವಳಿಗೆ ಈಗ ಉಳಿದಿಲ್ಲ. ಅದರಿಂದ ನಷ್ಟವೇನೂ ಆಗದು, ಸಾಮಾನ್ಯ ಶಾಲೆಯಿಂದಲೇ ಹೋಗಬಹುದು. ಪಿಯುಸಿಯಲ್ಲಿ ಗಣಿತ ಬಿಡದಿರಲಿ, ಅಣ್ಣ ಓದುವ ಇಂಗ್ಲಿಷ್ ಪತ್ರಿಕೆಯನ್ನು ಅವಳೂ ಓದಲಿ, ಅಣ್ಣನನ್ನು ನೇತ್ರತಜ್ಞರ ಬಳಿ ಕರೆದೊಯ್ಯುವ ದಿನ ಅವಳ ಕಣ್ಣನ್ನೂ ಪರೀಕ್ಷಿಸಿಬಿಡಿ.